ಹಳೆಯ ಲಾರಿಯ ಹಿಂಬದಿ ಬ್ರೇಕ್: ಲೈನರ್ ಒಂದೇ ಕಡೆ ಸವೆಯುವುದೇಕೆ?

ಕಾರಿನ ಬ್ರೇಕ್ ಕಲಿತು ಬಂದವರು ಲಾರಿಯ ಹಿಂದಿನ ಚಕ್ರ ಬಿಚ್ಚಿದಾಗ ಪ್ಯಾಡ್ ಹುಡುಕುತ್ತಾರೆ. ನಮ್ಮ ಹಳೆಯ ಲಾರಿಗಳಲ್ಲಿ ಅಲ್ಲಿರುವುದು ಡ್ರಮ್. ಅದರೊಳಗೆ ಎರಡು ಶೂ, ಶೂಗಳ ಮೈಗೆ ರಿವೆಟ್ ಹೊಡೆದು ಕೂರಿಸಿದ, ಡ್ರಮ್ಮಿಗೆ ಉಜ್ಜುವ ಲೈನರ್. ಏರ್ ಬ್ರೇಕ್ ಇರುವ ಗಾಡಿಯಲ್ಲಿ ಪೆಡಲ್ ತುಳಿದರೆ ಚಕ್ರದ ಬಳಿಯ ಚೇಂಬರಿಗೆ ಗಾಳಿ ನುಗ್ಗಿ ಅದರೊಳಗಿನ ರಬ್ಬರ್ ಪೊರೆಯಾದ ಡಯಾಫ್ರಾಮನ್ನು ಒತ್ತುತ್ತದೆ, ಪುಷ್ ರಾಡ್ ಹೊರಬಂದು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆತೋಳನ್ನು ತಳ್ಳುತ್ತದೆ, ಕ್ಯಾಮ್ ಶಾಫ್ಟ್ ತಿರುಗುತ್ತದೆ, ಅದರ ತುದಿಯ ಎಸ್ ಆಕಾರದ ಕ್ಯಾಮ್ ರೋಲರುಗಳನ್ನು ದೂಡಿ ಎರಡೂ ಶೂಗಳನ್ನು ಡ್ರಮ್ಮಿಗೆ ಅದುಮುತ್ತದೆ. ಈ ಸರಪಳಿಯನ್ನು ಒಮ್ಮೆ ಕಾಗದದ ಮೇಲೆ ಬರೆದುಕೊಳ್ಳಿ. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಇದರದೇ ಯಾವುದೋ ಕೊಂಡಿಯಲ್ಲಿ ಸಿಗುತ್ತವೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಲಾರಿಯ ಬಲ ಹಿಂಬದಿಯ ಲೈನರ್ ಪದೇ ಪದೇ ರಿವೆಟ್ ಕಾಣುವ ತನಕ ಸವೆಯುತ್ತಿತ್ತು. ಎರಡು ಸಲ ಬಲಗಡೆಯನ್ನಷ್ಟೇ ಬಿಚ್ಚಿ ಹೊಸ ಲೈನರ್ ಹಾಕಿದೆವು. ಮೂರನೆಯ ಸಲ ಹಿರಿಯ ಮೆಕ್ಯಾನಿಕ್ ಒಬ್ಬರು ಎಡಗಡೆಯನ್ನು ಬಿಚ್ಚಿಸಿದರು. ಅಲ್ಲಿ ಲೈನರ್ ದಪ್ಪಗೆ ಹಾಗೆಯೇ ಇತ್ತು; ಮುಟ್ಟಿದರೆ ಬೆರಳಿಗೆ ಎಣ್ಣೆ. ಹಬ್‌ನ ಆಯಿಲ್ ಸೀಲ್ ಹೋಗಿ ಆಕ್ಸಲ್ ಎಣ್ಣೆ ಒಳಗೆ ಸೋರಿತ್ತು. ಎರಡೂ ಕಡೆಗೆ ಹೋಗುವ ಗಾಳಿಯ ಒತ್ತಡ ಒಂದೇ, ಆದರೆ ಎಣ್ಣೆ ಕುಡಿದ ಲೈನರ್ ಜಾರುತ್ತದೆ. ಗಾಡಿ ನಿಲ್ಲದಿದ್ದರೆ ಚಾಲಕ ಇನ್ನಷ್ಟು ತುಳಿಯುತ್ತಾನೆ. ಆ ಹೆಚ್ಚುವರಿ ತುಳಿತದ ದುಡಿಮೆಯೆಲ್ಲ ಸರಿಯಿರುವ ಚಕ್ರದ ಪಾಲಿಗೆ ಬರುತ್ತದೆ. ಸವೆದ ಕಡೆಯನ್ನೇ ನೋಡುತ್ತಾ ಕೂತ ನಾವು ಎರಡು ಜೊತೆ ಲೈನರ್ ದಂಡ ಮಾಡಿದ್ದೆವು.

ಹಾಗಾಗಿ ಒಂದೇ ಆಕ್ಸಲಿನ ಎರಡೂ ಕಡೆ ಬಿಚ್ಚಬೇಕು. ಬಿಚ್ಚುವ ಮೊದಲೇ ತಿಳಿಯಬೇಕಾದ ಸಂಗತಿಯೂ ಒಂದಿದೆ: ಹೆಚ್ಚು ಸವೆದ ಚಕ್ರ ಪಕ್ಕದವನ ಕೆಲಸ ಮಾಡುತ್ತಿದೆಯೋ, ಅಥವಾ ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇದೆಯೋ? ಸಮತಟ್ಟಾದ ರಸ್ತೆಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಹಾಕಿ ಸ್ವಲ್ಪ ದೂರ ಓಡಿಸಿ, ಡ್ರಮ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ಒಂದು ಕಡೆ ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಕೆಟ್ಟಿದೆ. ಬ್ರೇಕ್ ಹಾಕುತ್ತಾ ಓಡಿಸಿದಾಗಲೂ ಒಂದು ಡ್ರಮ್ ತಣ್ಣಗೇ ಉಳಿದರೆ ಆ ಚಕ್ರ ಕೆಲಸ ಮಾಡುತ್ತಿಲ್ಲ. ಶಿರಾಡಿ ಘಾಟಿ ಇಳಿದು ಬಂದ ಗಾಡಿಯಲ್ಲಿ ಈ ಪರೀಕ್ಷೆ ಬೇಡ, ಅಲ್ಲಿ ಎಲ್ಲವೂ ಕಾದಿರುತ್ತದೆ. ಕಾದ ಡ್ರಮ್ಮಿಗೆ ನೀರು ಎರಚಿ ನೋಡುವ ಅಭ್ಯಾಸವನ್ನು ಮಾತ್ರ ಕಲಿಯಬೇಡಿ. ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಹಿಡಿದುಕೊಳ್ಳುವುದಕ್ಕೆ ಕಾರಣಗಳು: ಸೋತ ರಿಟರ್ನ್ ಸ್ಪ್ರಿಂಗ್, ಗ್ರೀಸ್ ಕಾಣದೆ ಬಿಗಿದ ಕ್ಯಾಮ್ ಶಾಫ್ಟ್ ಬುಷ್, ಒಳಗೆ ಊದಿ ಗಾಳಿಯನ್ನು ಬೇಗ ಹೊರಬಿಡದ ಹೋಸ್. ಪಾರ್ಕಿಂಗ್ ಬ್ರೇಕ್ ಕಡೆಯ ಗಾಳಿ ಸೋರಿದರೂ ಹೀಗಾಗುತ್ತದೆ, ಏಕೆಂದರೆ ಹಿಂಬದಿ ಚೇಂಬರಿನ ದೊಡ್ಡ ಸ್ಪ್ರಿಂಗನ್ನು ಹಿಂದಕ್ಕೆ ತಡೆದು ಹಿಡಿದಿರುವುದು ಗಾಳಿಯೇ. ಆ ಸ್ಪ್ರಿಂಗಿನ ಬಗ್ಗೆ ಎಚ್ಚರ. ಚೇಂಬರಿನ ಪಟ್ಟಿ ಬಿಚ್ಚಿದರೆ ಅದು ಜೀವ ತೆಗೆಯುವ ವೇಗದಲ್ಲಿ ಸಿಡಿಯುತ್ತದೆ. ಬೋಲ್ಟ್ ಹಾಕಿ ಸ್ಪ್ರಿಂಗನ್ನು ಒಳಗೇ ಬಂಧಿಸಿ, ಚೇಂಬರನ್ನು ಇಡಿಯಾಗಿ ಬದಲಿಸಿ.

ಕೆಲಸ ಮಾಡದ ಚಕ್ರದ ಕಥೆ ಹೆಚ್ಚಾಗಿ ಸ್ಟ್ರೋಕ್, ಅಂದರೆ ಪುಷ್ ರಾಡ್ ಹೊರಚಾಚುವ ದೂರದ ಅಳತೆಯಲ್ಲಿ ಸಿಗುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿ. ಟ್ಯಾಂಕಿನಲ್ಲಿ 90ರಿಂದ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಇರಲಿ. ಪುಷ್ ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಜೊತೆಗಾರನಿಗೆ ಪೂರ್ತಿ ತುಳಿಯಲು ಹೇಳಿ, ಗುರುತು ಎಷ್ಟು ಸರಿಯಿತೆಂದು ಅಳೆಯಿರಿ. ಸಾಮಾನ್ಯ ಟೈಪ್ 30 ಚೇಂಬರಿಗೆ 2 ಇಂಚು ಮಿತಿ, ಟೈಪ್ 24ಕ್ಕೆ 1¾ ಇಂಚು. ಎಡಬಲಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಅರ್ಧ ಉತ್ತರ ಸಿಕ್ಕಂತೆ.

ಈ ಸಂಖ್ಯೆಗಳನ್ನು ಓದುವಾಗ ಚೇಂಬರುಗಳು ಒಂದೇ ಜಾತಿಯವೇ ಎಂದೂ ನೋಡಿ. ಟೈಪ್ 30 ಎಂದರೆ ಡಯಾಫ್ರಾಮಿನ ಪರಿಣಾಮಕಾರಿ ವಿಸ್ತೀರ್ಣ ಸುಮಾರು 30 ಚದರ ಇಂಚು. 100 ಪಿಎಸ್‌ಐನಲ್ಲಿ ಅದು 3000 ಪೌಂಡ್ ಬಲ ಕೊಡುತ್ತದೆ, ಟೈಪ್ 24 ಕೊಡುವುದು 2400. ಕೈ ಬದಲಿಸುತ್ತಾ ಬಂದ ಹಳೆಯ ಗಾಡಿಯಲ್ಲಿ ಯಾರೋ ಸಿಕ್ಕಿದ್ದನ್ನು ಕೂರಿಸಿರುತ್ತಾರೆ. ಸ್ಲ್ಯಾಕ್ ಅಡ್ಜಸ್ಟರಿನ ತೋಳಿನ ಉದ್ದವೂ ಹಾಗೆಯೇ: ಒಂದು ಕಡೆ 5½ ಇಂಚು, ಇನ್ನೊಂದು ಕಡೆ 6 ಇಂಚು ಇದ್ದರೆ ಸವೆತ ಸಮನಾಗುವ ಆಸೆ ಬಿಡಿ.

ಇನ್ನು ಒಂದೇ ಚಕ್ರದೊಳಗಿನ ಅಸಮ ಸವೆತ. ಸಣ್ಣ ಗಾಡಿಗಳ ಹೈಡ್ರಾಲಿಕ್ ಡ್ರಮ್ ಬ್ರೇಕಿನಲ್ಲಿ ಮುಂದಿನ ಶೂ ಹೆಚ್ಚು ಸವೆಯುವುದು ಸಹಜ. ಡ್ರಮ್ಮಿನ ತಿರುಗುವಿಕೆಯೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಎಸ್-ಕ್ಯಾಮ್‌ನಲ್ಲಿ ಆ ನೆಪ ನಡೆಯುವುದಿಲ್ಲ. ಕ್ಯಾಮ್ ಎರಡೂ ಶೂಗಳನ್ನು ಒಂದೇ ದೂರಕ್ಕೆ ದೂಡುವುದರಿಂದ ಸವೆತ ಹೆಚ್ಚುಕಡಿಮೆ ಸಮನಾಗಿರಬೇಕು. ಇಲ್ಲದಿದ್ದರೆ ರೋಲರ್, ಶೂಗಳ ಇನ್ನೊಂದು ತುದಿಯನ್ನು ಹಿಡಿದಿರುವ ಆ್ಯಂಕರ್ ಪಿನ್, ಕ್ಯಾಮ್ ಬುಷ್ ನೋಡಿ.

ಲೈನರನ್ನು ಕಣ್ಣಂದಾಜಿನಲ್ಲಿ ನೋಡಬೇಡಿ. ಕ್ಯಾಮ್ ತುದಿ, ನಡು, ಪಿನ್ ತುದಿ, ಪ್ರತಿಯೊಂದರಲ್ಲೂ ಒಳಅಂಚು ಮತ್ತು ಹೊರಅಂಚು: ಒಂದು ಶೂಗೆ ಆರು ಅಳತೆ. ಒಳಹೊರ ಅಂಚುಗಳು ಬೇರೆಯಾದರೆ ಸಡಿಲ ಬೇರಿಂಗ್, ಸವೆದ ಬುಷ್, ಬಾಗಿದ ಶೂ ಅಥವಾ ಬಾಯಿ ಅಗಲಿಸಿದ ಡ್ರಮ್. ನಡು ಮಾತ್ರ ಸವೆದಿದ್ದರೆ ಲೇತ್‌ನಲ್ಲಿ ಕೊರೆದು ದೊಡ್ಡದಾದ ಡ್ರಮ್ಮಿಗೆ ಮಾಮೂಲು ಅಳತೆಯ ಲೈನರ್ ಹಾಕಿರುತ್ತಾರೆ. ಡ್ರಮ್ಮಿನ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸ ದಾಟಿದ್ದರೆ ಅದು ಗುಜರಿಗೆ. ಹಳೆಯ ಲೈನರಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೈನರ್ ಬದಲಿಸುವುದು ಎರಡೂ ಕಡೆ ಒಟ್ಟಿಗೆ, ಒಂದೇ ತಯಾರಿಕೆಯದು. ಕೈಯಿಂದ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಆದರೆ ಲೈನರ್ ಡ್ರಮ್ಮಿಗೆ ತಾಗುವ ತನಕ ತಿರುಗಿಸಿ, ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಹಿಂದಕ್ಕೆ ಬಿಡಿ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುತ್ತಾ ಸ್ಟ್ರೋಕ್ ಹೆಚ್ಚುತ್ತದೆ. ಹಾಗಾಗಿ ಗಾಡಿ ಒಂದೆರಡು ಸರದಿ ಲೋಡ್ ಹೊತ್ತು ಬಂದ ಮೇಲೆ ಅದೇ ಸೀಮೆಸುಣ್ಣ ಹಿಡಿದು ಮತ್ತೆ ಕೆಳಗೆ ತೂರಬೇಕು.