ಬದಿಯಡ್ಕದಿಂದ ಮಂಗಳೂರಿಗೆ ದಿನಾ ಓಡಾಟ: ಗೇರು ಹಾಕಿ ಖುಷಿಪಡಲು ಯಾವ ಸೆಡಾನ್?

ಓದುಗರ ಪ್ರಶ್ನೆ: ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಸೀತಾಂಗೋಳಿ, ಕುಂಬಳೆ ದಾರಿಯಾಗಿ ದಿನಾ ಹೋಗಿ ಬರುತ್ತೇನೆ. ಆಟೊಮ್ಯಾಟಿಕ್ ಬೇಡ, ಎಸ್‌ಯುವಿಯೂ ಬೇಡ. ಗೇರು ಬದಲಿಸಿ ಓಡಿಸುವ ಖುಷಿ ಇರಬೇಕು, ಮನೆಯ ಉಪಯೋಗಕ್ಕೂ ಆಗಬೇಕು. ಅಪ್ಪ ಅಮ್ಮ ಹಿಂದೆ ಆರಾಮಾಗಿ ಕೂರಬೇಕು, ಡಿಕ್ಕಿಯಲ್ಲಿ ಒಂದು ಮೂಟೆ ಅಡಿಕೆ ಹಿಡಿಯಬೇಕು. ರಸ್ತೆಯಿಂದ ತೋಟದ ಮನೆಗೆ ಇಳಿಯುವ ದಾರಿ ಕಡಿದು. ಯಾವ ಕಾರು ಆದೀತು?

ಉತ್ತರ: ಮನೆಯ ದಾರಿ ಅಳತೆಗೆ ಒಪ್ಪಿದರೆ ಹೋಂಡಾ ಸಿಟಿ. ಒಪ್ಪದಿದ್ದರೆ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾ, 1.0 ಲೀಟರಿನ ಎಂಜಿನ್ನಿನದು. ಅಳತೆ ಹೇಗೆ ಎಂಬುದು ಮುಂದೆ ಬರುತ್ತದೆ. ಶೋರೂಮಿಗೆ ಹೋಗುವ ಮೊದಲೇ ಅದನ್ನು ಮಾಡಿ ಮುಗಿಸಿ.

ಖುಷಿ ಅಂದ ಕೂಡಲೇ ಎಲ್ಲರೂ ನೋಡುವುದು ಶಕ್ತಿಯ ಅಂಕಿಯನ್ನು. ರಾಜ್ಯದ ಗಡಿ ತಲಪಾಡಿಯಿಂದ ಈಚೆಗೆ ಆರು ಪಥದ ಹೆದ್ದಾರಿಯಲ್ಲಿ ಹೊಸ ಕಾರು ಯಾವುದಾದರೂ ನೂರರಲ್ಲಿ ಸುಮ್ಮನೆ ಓಡುತ್ತದೆ. ಕಾರು ಇಷ್ಟವಾಗುವುದೋ ಬೇಸರ ಬರುವುದೋ ತೀರ್ಮಾನವಾಗುವುದು ಉಳಿದ ಕಡೆ: ಸೀತಾಂಗೋಳಿ ದಾರಿಯ ತಿರುವು, ಶಾಲೆಯೆದುರಿನ ಹಂಪು, ನೇತ್ರಾವತಿ ಸೇತುವೆಯ ವಾಹನಗಳ ಸಾಲು, ನಂತೂರಿನ ಏರು. ಅಲ್ಲೆಲ್ಲ ನಿಮ್ಮ ಕೈ ಇರುವುದು ಎರಡು ಮತ್ತು ಮೂರನೇ ಗೇರಿನ ನಡುವೆ. ಹಂಪು ದಾಟಿದ ಮೇಲೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಎರಡನೇ ಗೇರಿನಲ್ಲೇ, ಕ್ಲಚ್ ಮುಟ್ಟದೆ ಎಂಜಿನ್ ಎಳೆದುಕೊಂಡು ಹೋದರೆ ಆ ಕಾರು ದಿನದ ಓಡಾಟಕ್ಕೆ ಸರಿ. ಪ್ರತಿ ಹಂಪಿಗೂ ಒಂದನೇ ಗೇರು ಕೇಳಿದರೆ, 150 ಕುದುರೆ ಶಕ್ತಿ ಇದ್ದರೂ ಆರು ತಿಂಗಳಿಗೆ ಎಡಗಾಲು ಸೋಲುತ್ತದೆ.

ಸಿಟಿ ಗೆಲ್ಲುವುದು ಇಲ್ಲೇ. ಅದರದು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇಲ್ಲದ 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 121 ಪಿಎಸ್ ಶಕ್ತಿ, 145 ಎನ್‌ಎಂ ಎಳೆತ (ಟಾರ್ಕ್), ಆರು ಗೇರು. ಕಾಗದದ ಮೇಲೆ ದೊಡ್ಡದೇನಲ್ಲ. ಆದರೆ ಆಕ್ಸಲರೇಟರ್ ಎಷ್ಟು ಒತ್ತಿದಿರೋ ಅಷ್ಟೇ ಎಳೆತ, ತಡವಿಲ್ಲ, ಜಿಗಿತವಿಲ್ಲ. ಕ್ಲಚ್ ಹಗುರ, ಗೇರಿನ ಕೋಲು ಸಣ್ಣ ಚಲನೆಯಲ್ಲಿ ಜಾಗಕ್ಕೆ ಕೂರುತ್ತದೆ. ಪೂರ್ತಿ ಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 6,600 ಸುತ್ತು (ಆರ್‌ಪಿಎಂ) ತಿರುಗುವಾಗ, ಅಂದರೆ ಲಾರಿ ಹಿಂದಿಕ್ಕಲು ಒಂದು ಗೇರು ಇಳಿಸಲೇಬೇಕು. ಗೇರು ಬದಲಿಸುವುದೇ ಖುಷಿ ಅನ್ನುವವರಿಗೆ ಇದು ದೋಷವಲ್ಲ.

ವರ್ಟಸ್ ಮತ್ತು ಸ್ಲಾವಿಯಾ ಒಂದೇ ಬುನಾದಿಯ ಅಕ್ಕತಂಗಿಯರು, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ. 1.0 ಟಿಎಸ್‌ಐ ಮೂರು ಸಿಲಿಂಡರಿನ ಟರ್ಬೊ: 115 ಪಿಎಸ್, 178 ಎನ್‌ಎಂ. 1,800 ಆರ್‌ಪಿಎಂ ಮೇಲೆ ಸಿಟಿಗಿಂತ ಗಟ್ಟಿಯಾಗಿ ಎಳೆಯುತ್ತದೆ, ಅದರ ಕೆಳಗೆ ಮಂಕು. ಏರಿನಲ್ಲಿ ಸಾಲು ನಿಂತು ನಿಂತು ಸಾಗುವಾಗ ಈ ಮಂಕನ್ನು ಮುಚ್ಚಲು ಚಾಲಕ ಅರ್ಧ ಕ್ಲಚ್ಚಿನಲ್ಲಿ ಆಕ್ಸಲರೇಟರ್ ಒತ್ತುತ್ತಾನೆ. ಕ್ಲಚ್ ಪ್ಲೇಟ್ ಸವೆಯುವುದು ಹಾಗೆ. ಅದರ ಬದಲು ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಗಾಡಿ ಎರಡು ಕಾರಿನಷ್ಟು ದೂರ ಹೋಗಲು ಬಿಟ್ಟು, ಒಂದೇ ಸಲಕ್ಕೆ ಕ್ಲಚ್ ಪೂರ್ತಿ ಬಿಟ್ಟು ಹೊರಡಬೇಕು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಇದೇ ಕಾರುಗಳ 1.5 ಎಂಜಿನ್ನಿಗೆ 150 ಪಿಎಸ್, 250 ಎನ್‌ಎಂ ಇದ್ದು ಈ ತೊಂದರೆ ಬಹಳ ಕಡಿಮೆ. ಆದರೆ ಬೆಲೆ ಬೇರೆಯೇ ಮಟ್ಟದ್ದು, ಮ್ಯಾನುಯಲ್ ಗೇರು ಯಾವ ಮಾದರಿಯಲ್ಲಿ ಸಿಗುತ್ತದೆ ಎಂಬುದೂ ಆಗಾಗ ಬದಲಾಗುತ್ತದೆ. ಬುಕ್ ಮಾಡುವ ದಿನದ ಬೆಲೆಪಟ್ಟಿಯನ್ನೇ ನೋಡಿ.

ಹ್ಯುಂಡೈ ವರ್ನಾ ಯಾಕಿಲ್ಲ ಎಂದು ಕೇಳಬಹುದು. 1.5 ಟರ್ಬೊ ಮ್ಯಾನುಯಲ್ 160 ಪಿಎಸ್, ನೇರ ರಸ್ತೆಯಲ್ಲಿ ಇವರೆಲ್ಲರನ್ನೂ ಬಿಟ್ಟು ಓಡುತ್ತದೆ. 528 ಲೀಟರಿನ ಡಿಕ್ಕಿಯೂ ಇವುಗಳಲ್ಲೇ ದೊಡ್ಡದು. ಹಿಂದಿನ ಸೀಟಿನ ಸುಖ ಮುಖ್ಯವಾದರೆ ತೆಗೆದುಕೊಳ್ಳಿ. ತಿರುವಿನಲ್ಲಿ ರಸ್ತೆಯ ಸುದ್ದಿಯನ್ನು ಕೈಗೆ ಮುಟ್ಟಿಸುವ ಸ್ಟಿಯರಿಂಗ್ ಬೇಕಾದರೆ ವರ್ಟಸ್ ವಾಸಿ, ಇದು ನಮ್ಮ ಅಭಿಪ್ರಾಯ.

ಈಗ ಮನೆಯ ದಾರಿ. ನಮ್ಮಲ್ಲಿ ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಸೆಡಾನ್ ಸಿಕ್ಕಿಬೀಳುವುದು ಹೊಂಡದಲ್ಲಿ ಅಲ್ಲ. ಡಾಮರು ರಸ್ತೆಯಿಂದ ಕೆಳಗೆ ತಿರುಗುವಲ್ಲಿ ಮುರಕಲ್ಲಿನ ಒಂದು ದಿಬ್ಬ ಇರುತ್ತದಲ್ಲ, ಮುಂದಿನ ಚಕ್ರ ಅದನ್ನು ದಾಟಿ ಇಳಿದು, ಹಿಂದಿನ ಚಕ್ರ ಇನ್ನೂ ಮೇಲಿರುವಾಗ ಹೊಟ್ಟೆ ತಾಗುತ್ತದೆ. ಒರೆಸುವುದು ಸೈಲೆನ್ಸರ್ ಪೈಪು ಅಥವಾ ಬಾಗಿಲ ಕೆಳಗಿನ ಅಂಚು. ಆದ್ದರಿಂದ ನೆಲದಿಂದ ಎಷ್ಟು ಎತ್ತರ ಎಂಬುದರ ಜತೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿಟಿಯ ಎತ್ತರ 165 ಮಿ.ಮೀ., ಚಕ್ರಗಳ ಅಂತರ 2,600 ಮಿ.ಮೀ. ವರ್ಟಸ್, ಸ್ಲಾವಿಯಾಗಳದು 179 ಮತ್ತು 2,651.

ಅಳೆಯಲು ಸಲಕರಣೆ ತೋಟದಲ್ಲೇ ಇದೆ. ಅಡಿಕೆ ಮರದ ನೇರವಾದ ಸಲಾಕೆಯೊಂದನ್ನು 2.65 ಮೀಟರಿಗೆ ಕತ್ತರಿಸಿ. ಚಕ್ರ ಹೋಗುವ ಗೆರೆಗೆ ಸಮನಾಗಿ, ದಿಬ್ಬದ ನೆತ್ತಿಗೆ ಸಲಾಕೆಯ ನಡು ಬರುವಂತೆ ಇಡಿ. ಎರಡೂ ತುದಿಗಳಲ್ಲಿ ನೆಲಕ್ಕೆ ಎಷ್ಟು ಸಂದು ಇದೆ ಎಂದು ಟೇಪಿನಲ್ಲಿ ಅಳೆದು, ಕೂಡಿಸಿ, ಎರಡರಿಂದ ಭಾಗಿಸಿ. ಬಂದದ್ದು ದಿಬ್ಬವು ಕಾರಿನ ಹೊಟ್ಟೆಯತ್ತ ಏರುವ ಎತ್ತರ. ದಾರಿಯ ನಡುವೆ ಚಕ್ರದ ಜಾಡಿಗಿಂತ ಮಣ್ಣು ಉಬ್ಬಿದ್ದರೆ ಆ ಉಬ್ಬನ್ನೂ ಸೇರಿಸಿ. ಸಿಟಿಗೆ ಅಳೆಯುವಾಗ ಎರಡೂ ತುದಿಯಿಂದ ಎರಡೂವರೆ ಸೆಂ.ಮೀ. ಒಳಗೆ ಗುರುತು ಹಾಕಿ ಅಲ್ಲಿ ಅಳೆಯಿರಿ.

ಐದು ಜನ ಕೂತು ಡಿಕ್ಕಿಯೂ ತುಂಬಿದಾಗ ಸ್ಪ್ರಿಂಗು ಕುಗ್ಗಿ ಕಾರು ಮೂರು ನಾಲ್ಕು ಸೆಂ.ಮೀ. ಕೆಳಗಿಳಿಯುತ್ತದೆ. ಅದನ್ನು ಕಳೆದು, ಒಂದು ಸೆಂ.ಮೀ. ಕೈಬಿಟ್ಟರೆ ಸಿಟಿಗೆ 11 ಸೆಂ.ಮೀ., ವರ್ಟಸ್-ಸ್ಲಾವಿಯಾಗೆ 12.5 ಸೆಂ.ಮೀ. ವರೆಗೆ ಧೈರ್ಯವಾಗಿ ಹೋಗಬಹುದು. ಅದಕ್ಕೂ ಮೇಲೆ ಬಂದರೆ ಎರಡು ದಾರಿ: ದಿಬ್ಬದ ಎರಡೂ ಬದಿಗೆ ಜಲ್ಲಿ, ಕಾಂಕ್ರೀಟು ಹಾಕಿ ಇಳಿಜಾರನ್ನು ಉದ್ದ ಮಾಡುವುದು, ಇಲ್ಲವೇ ಸೆಡಾನಿನ ಆಸೆ ಬಿಡುವುದು. ಒಂದು ದಿನದ ಕೆಲಸದಲ್ಲಿ ಮುಗಿಯುವ ಕಾಂಕ್ರೀಟಿಗೆ ಹೆದರಿ ಎಸ್‌ಯುವಿ ಕೊಳ್ಳುವವರೂ ಇದ್ದಾರೆ. ಸ್ಪ್ರಿಂಗಿಗೆ ರಬ್ಬರ್ ತುಂಡು ತುರುಕಿ ಎತ್ತರಿಸುವ ಉಪಾಯ ಮಾತ್ರ ಬೇಡ, ಯಾವ ಹಿಡಿತಕ್ಕಾಗಿ ಸೆಡಾನ್ ಕೊಂಡಿರೋ ಅದೇ ಹಾಳಾಗುತ್ತದೆ.

ಖರ್ಚಿನ ಮಾತು. ಹೋಗಿ ಬರುವುದು 110 ಕಿ.ಮೀ. ಎಂದಿಟ್ಟುಕೊಂಡು ತಿಂಗಳಿಗೆ 24 ದಿನ ಓಡಿದರೆ 2,640 ಕಿ.ಮೀ. ಲೀಟರಿಗೆ 15 ಕೊಡುವ ಕಾರಿಗೆ 176 ಲೀಟರ್ ಬೇಕು, 20 ಕೊಡುವುದಕ್ಕೆ 132. ವ್ಯತ್ಯಾಸ 44 ಲೀಟರ್, ಪ್ರತಿ ತಿಂಗಳೂ. ಪೆಟ್ರೋಲ್ ತಲಪಾಡಿಯಾಚೆ, ಕರ್ನಾಟಕದಲ್ಲಿ ಅಗ್ಗ, ಹೇಗೂ ದಿನಾ ದಾಟುತ್ತೀರಿ. ವರ್ಷಕ್ಕೆ 30,000 ಕಿ.ಮೀ. ಮೀರುವುದರಿಂದ ಸರ್ವೀಸಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ಸಿಟಿಗೆ 10,000 ಕಿ.ಮೀ.ಗೊಮ್ಮೆ, ಅಂದರೆ ವರ್ಷಕ್ಕೆ ಮೂರು ಸಲ; ವರ್ಟಸ್, ಸ್ಲಾವಿಯಾಗಳಿಗೆ 15,000ಕ್ಕೆ, ಎರಡು ಸಲ.

ಈ 44 ಲೀಟರ್ ಕಣ್ಣು ಕುಕ್ಕಿದರೆ ನಾಲ್ಕು ಮೀಟರಿನೊಳಗಿನ ಸೆಡಾನ್‌ಗಳಿವೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗೆ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಶೇಕಡಾ, ಉದ್ದದವಕ್ಕೆ 40. ಸ್ಲಾವಿಯಾದ ಎಂಜಿನ್ 999 ಸಿಸಿ ಆದರೂ ಉದ್ದದಿಂದಾಗಿ 40ರ ಸಾಲಿಗೆ ಬೀಳುತ್ತದೆ. ಚಿಕ್ಕವುಗಳಲ್ಲಿ ಓಡಿಸಲು ಹಿತವಾದದ್ದು ಹೋಂಡಾ ಅಮೇಜ್: ನಾಲ್ಕು ಸಿಲಿಂಡರ್, 90 ಪಿಎಸ್, ನೆಲದಿಂದ ಎತ್ತರ 172 ಮಿ.ಮೀ., 416 ಲೀಟರಿನ ಡಿಕ್ಕಿ. ಮೈಲೇಜಿನಲ್ಲಿ ಮಾರುತಿ ಡಿಜೈರ್ ಮುಂದೆ, ಆದರೆ 82 ಪಿಎಸ್‌ನ ಅದರ ಮೂರು ಸಿಲಿಂಡರ್ ಎಂಜಿನ್ ಎಸಿ ಹಾಕಿ ಏರು ಹತ್ತುವಾಗ ಉಸಿರು ಬಿಡುತ್ತದೆ.

ಟೆಸ್ಟ್ ಡ್ರೈವಿಗೆ ಶೋರೂಮಿನವರು ಹೆದ್ದಾರಿಯಲ್ಲಿ ಮೂರು ಕಿ.ಮೀ. ಓಡಿಸಿ ಕರೆತರುತ್ತಾರೆ. ಅದು ಸಾಲದು. ಕಾರನ್ನು ಮನೆಗೆ ತರಲು ಹೇಳಿ, ಅಪ್ಪ ಅಮ್ಮನನ್ನು ಕೂರಿಸಿ, ಎಸಿ ಹಾಕಿ. ಕಡಿದಾದ ಜಾಗದಲ್ಲಿ ನಿಲ್ಲಿಸಿ ಒಂದನೇ ಗೇರಿನಲ್ಲಿ ಮೂರು ಸಲ ಹೊರಡಿ, ಒಮ್ಮೆ ರಿವರ್ಸಿನಲ್ಲೂ ಹತ್ತಿಸಿ. ಸುಟ್ಟ ವಾಸನೆ ಬಂದರೆ ಕ್ಲಚ್ ಕಚ್ಚುವ ಜಾಗ ನಿಮ್ಮ ಕಾಲಿಗೆ ಇನ್ನೂ ಸಿಕ್ಕಿಲ್ಲ ಎಂದು ತಿಳಿಯಿರಿ, ಮತ್ತೊಂದು ದಿನ ಪುನಃ ನೋಡಿ. ಕ್ಲಚ್ ಪೂರ್ತಿ ತುಳಿದಾಗ ಮಂಡಿ ಚೂರು ಮಡಿಸಿರಬೇಕು, ಸ್ಟಿಯರಿಂಗಿನ ಅಡಿಗೆ ತಾಗಬಾರದು. ಸೆಡಾನಿನ ಸೀಟು ತಗ್ಗಿನಲ್ಲಿರುವುದರಿಂದ ಹಿರಿಯರು ಇಳಿದು ಏಳುವುದನ್ನೂ ನೋಡಿಬಿಡಿ.

ಮಳೆಗಾಲಕ್ಕೆ ಒಂದೇ ಮಾತು: ಕಾನೂನು 1.6 ಮಿ.ಮೀ. ವರೆಗೆ ಟೈರಿನ ಗೆರೆ ಸವೆಯಲು ಬಿಡುತ್ತದೆ, ನಮ್ಮ ಕಡೆಯ ಜೂನ್ ಬಿಡುವುದಿಲ್ಲ. 3 ಮಿ.ಮೀ.ಗೆ ಬದಲಿಸಿ.

ನಿಮ್ಮಷ್ಟು ಓಡಿಸುವವರು ಹಳೆಯ ಡೀಸೆಲ್ ಕೂಡ ನೋಡಬಹುದು. ವರ್ನಾ ಮತ್ತು ಸಿಟಿಯ ಡೀಸೆಲ್ 2023ರಲ್ಲಿ ನಿಂತವು. 2020ರ ನಂತರದ ವರ್ನಾ 1.5 ಡೀಸೆಲ್ ಆರು ಗೇರಿನದು, 115 ಪಿಎಸ್, 250 ಎನ್‌ಎಂ. ಹೊಗೆನಳಿಗೆಯ ಮಸಿ ಶೋಧಕ (ಡಿಪಿಎಫ್) ಕಟ್ಟಿಕೊಳ್ಳುವುದು ಊರೊಳಗೇ ಸುತ್ತುವ ಕಾರುಗಳಿಗೆ. ದಿನಾ ಹೆದ್ದಾರಿ ಕಂಡರೆ ಮಸಿ ತಾನೇ ಸುಟ್ಟುಹೋಗುತ್ತದೆ. ಕ್ಲಚ್ ನೋಡಲು, ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಏರಿದರೆ ಪ್ಲೇಟ್ ಮುಗಿದಿದೆ. 30ರಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಗೇರ್‌ಬಾಕ್ಸ್ ಬಿಚ್ಚಬೇಕಾದೀತು, ಅಂಥದ್ದು ಬೇಡ.

ಕಾರು ಮಂಗಳೂರಿನಲ್ಲಿ ಸಿಕ್ಕಿತೆನ್ನಿ. ಹೊಸದಾದರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು, ತೆರಿಗೆಯನ್ನು ಕೇರಳದಲ್ಲಿ ಕಟ್ಟಿ ಕಾಸರಗೋಡಿನ ಕೆಎಲ್ 14 ನಂಬರು ಮಾಡಿಸಿಕೊಳ್ಳಿ. ಹಳೆಯದು ಮಂಗಳೂರಿನ ಕೆಎ 19 ಆಗಿದ್ದರೆ, 12 ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನಂಬರು ಪಡೆಯಲೇಬೇಕೆನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅದಕ್ಕೆ ಮಂಗಳೂರು ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು, ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರವೂ ಬೇಕು. ಕೇರಳದಲ್ಲಿ ಉಳಿದ ವರ್ಷಗಳ ತೆರಿಗೆ ಕಟ್ಟಿದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರ ಪಾಲು ವಾಪಸು ಕೇಳಬಹುದು. ಬೇಗ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಈ ಎರಡು ತೆರಿಗೆಯ ನಡುವಿನ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಿ, ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.