ಬಾದಾಮಿಯ ಮಣ್ಣಿನ ಮಾಳಿಗೆಗಳು ಎಲ್ಲಿ ಸಿಕ್ಕಿಕೊಂಡಿವೆ?

ಬಾದಾಮಿಗೆ ಹೋದವರು ಗುಹೆ ನೋಡಿ ಬರುತ್ತಾರೆ. ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಪಕ್ಕದ ಓಣಿಗಳಲ್ಲಿರುವ ಹಳೇ ಮನೆಗಳ ಮುಂದೆ ನಿಲ್ಲುವವರು ಕಡಿಮೆ. ಆ ಮನೆಗಳನ್ನು ಉಳಿಸಬೇಕೋ, ತೆಗೆಯಬೇಕೋ, ರಿಪೇರಿ ಮಾಡೋದಾದರೆ ಯಾರನ್ನು ಕೇಳಬೇಕೋ ಅನ್ನೋ ಗೊಂದಲ ಮಾತ್ರ ಮುಗಿದಿಲ್ಲ.

543ರಲ್ಲಿ ಚಾಲುಕ್ಯರ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ, 578ರಲ್ಲಿ ಮೂರನೇ ಗುಹೆ ಸಿದ್ಧವಾಯಿತು, ಆಮೇಲೆ ವಿಜಯನಗರದವರು, ಮರಾಠರು, ಬ್ರಿಟಿಷರು ಎಲ್ಲರೂ ಬಂದುಹೋದರು. ಜನ ಅದೇ ಗುಡ್ಡದ ಕೆಂಪು ಕಲ್ಲಿನಲ್ಲಿ ಮನೆ ಕಟ್ಟಿಕೊಂಡು ಉಳಿದರು.

ಆ ಮನೆಗಳ ಗೋಡೆ ದಪ್ಪ, ಬಾಗಿಲು ಗಿಡ್ಡ. ಒಳಗೆ ದೀಪಕ್ಕೆ ಗೂಡು, ಮೇಲೆ ಬೆಳಕಿಂಡಿ. ಮಧ್ಯಾಹ್ನ ಅದರಿಂದ ಒಂದೇ ಒಂದು ಬಿಸಿಲಿನ ಕೋಲು ಪಡಸಾಲೆಗೆ ಬೀಳುತ್ತದೆ, ಮಳೆ ಬಂದರೆ ಯಾರಾದರೂ ಓಡಿಹೋಗಿ ಅದನ್ನು ಮುಚ್ಚಬೇಕು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಅನ್ನೋ ಸಣ್ಣ ಅಡ್ಡಮರ, ಅದರ ಮೇಲೆ ಕಟ್ಟಿಗೆ, ಸೊಪ್ಪು ಹರಡಿ ಮಣ್ಣು ಹಾಕಿ ಗಟ್ಟಿಯಾಗಿ ಬಡಿದರೆ ಮಾಳಿಗೆ. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಆದರೆ ಈ ಮಾಳಿಗೆ ಸುಮ್ನೆ ಬಿಟ್ಟರೆ ಉಳಿಯೋದಿಲ್ಲ. ಮುಂಗಾರಿಗೆ ಮುಂಚೆ ಮಾಳಿಗೆ ಮೇಲೆ ಹತ್ತಿ, ಹುಲ್ಲು ಕಿತ್ತು, ಬಿರುಕಿಗೆ ಹೊಸ ಮಣ್ಣು ಹಾಕಿ ತುಳಿಯಬೇಕು. ಗೆದ್ದಲು ತಿಂದ ಜಂತಿಯನ್ನು ಆಗಾಗ ಬದಲಿಸಬೇಕು.

ತೊಡಕು ಬಂದದ್ದು ಇಲ್ಲೇ. 1992ರ ಜೂನ್‌ನಲ್ಲಿ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತಾಯಿತು. 2010ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿತು. ನಿಷೇಧಿತ ಜಾಗದಲ್ಲಿ ಹೊಸದು ಕಟ್ಟುವಂತಿಲ್ಲ, ಹಳೇ ಮನೆಯ ದುರಸ್ತಿಗೂ ಅನುಮತಿ ಬೇಕು. ಗುಹೆಗಳ ಪಕ್ಕ ನಾಲ್ಕು ಅಂತಸ್ತಿನ ಲಾಡ್ಜ್ ಏಳದಿರಲು ಈ ಕಾನೂನು ಬೇಕೇ ಬೇಕು. ಆದರೆ ವರ್ಷ ವರ್ಷ ಕೈಯಾಡಿಸಿದರೆ ಮಾತ್ರ ನಿಲ್ಲುವ ಮನೆಗೆ ಅರ್ಜಿ ಹಾಕಿ ಕಾಯೋದು ಹೊಂದೋದಿಲ್ಲ, ಅಲ್ವಾ? ಜಂತಿ ಮುರಿದಾಗ ಮಳೆ ಕಾಯೋದಿಲ್ಲ.

2015ರಲ್ಲಿ ಪಾರಂಪರಿಕ ಊರುಗಳ ಅಭಿವೃದ್ಧಿಗಾಗಿ ಕೇಂದ್ರ ತಂದ 'ಹೃದಯ್' ಯೋಜನೆಯ 12 ಊರುಗಳಲ್ಲಿ ಬಾದಾಮಿಯೂ ಸೇರಿತು. ಇತ್ತ ಸ್ಮಾರಕಗಳ ಹತ್ತಿರದ ಮನೆಗಳನ್ನು ಬೇರೆ ಕಡೆ ಸ್ಥಳಾಂತರಿಸುವ ಮಾತೂ ವರ್ಷಗಳಿಂದ ಇದೆ. ನಾಳೆ ಬಿಡಬೇಕಾಗಬಹುದಾದ ಮನೆಗೆ ಹೊಸ ತೊಲೆ ಹಾಕಿಸೋಕೆ ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಸೋರುವ ಮಾಳಿಗೆಗೆ ತಾಡಪತ್ರಿ ಹೊದಿಸುತ್ತಾರೆ, ಇಲ್ಲವೇ ಮಣ್ಣು ಇಳಿಸಿ ತಗಡು ಹಾಕುತ್ತಾರೆ. ತಗಡು ಬಂದ ಮೇಲೆ ಬೆಳಕಿಂಡಿಯೂ ಮುಚ್ಚಿಹೋಗುತ್ತದೆ.