ಗಾಥಿಕ್ ಕಾದಂಬರಿಯ ಒಂಟಿ ಮನೆ

ಬೀದರ್ ಊರು ದಾಟಿ ಮೂರು ಕಿಲೋಮೀಟರ್ ಹೋದರೆ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಅದರಲ್ಲೊಂದು ಮಾತ್ರ ಸೀಳಿ, ಅರ್ಧ ಕುಸಿದಿದೆ. ಅದು ಹುಮಾಯೂನ್ ಶಾನದು. 1458ರಿಂದ 1461ರವರೆಗೆ, ಮೂರೇ ವರ್ಷ ಆಳಿದ. ಅಷ್ಟರಲ್ಲೇ ‘ಜಾಲಿಮ್’, ಅಂದರೆ ಕ್ರೂರಿ, ಅನ್ನಿಸಿಕೊಂಡ. ಗೋರಿಗೆ ಸಿಡಿಲು ಬಡಿದದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ. ಆದರೂ ಅದನ್ನು ನೋಡಿದಾಗ ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಬಾಯಿಗೆ ಬಂದೇ ಬರುತ್ತದೆ, ಅಲ್ವಾ? ಹಳೆಯ ಮನೆ, ಕತ್ತಲು, ಭಯದ ಸುತ್ತ ಹೆಣೆದ ಗಾಥಿಕ್ ಕಾದಂಬರಿ ಕೂಡ ಹೀಗೆಯೇ ಗೋಡೆಯ ಬಿರುಕಿನಲ್ಲಿ ಮನುಷ್ಯನ ಗುಣ ತೋರಿಸುತ್ತದೆ. ಅಲ್ಲಿ ಸಿಡಿಲು ಮಾತ್ರ ಸುಮ್ನೆ ಬಡಿಯುವುದಿಲ್ಲ, ಲೇಖಕರು ಲೆಕ್ಕ ಹಾಕಿ ಹೊಡೆಸಿರುತ್ತಾರೆ.

ಗಾಥ್ ಅನ್ನುವುದು ಯುರೋಪಿನ ಹಳೆಯ ಬುಡಕಟ್ಟಿನ ಹೆಸರು. ಮುಂದೆ ಇಟಲಿಯವರು ಮಧ್ಯಯುಗದ ಕಟ್ಟಡಗಳನ್ನು ಹೀಯಾಳಿಸಲು ಈ ಪದ ಬಳಸಿದರು. 1764ರಲ್ಲಿ ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್ಪೋಲ್ ಹಳೆಯ ಕೋಟೆಯೊಂದರ ಕಥೆ ಬರೆದ. ಮರುವರ್ಷದ ಎರಡನೇ ಮುದ್ರಣದಲ್ಲಿ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದ. ಕಟ್ಟಡದ ಹೆಸರು ಕಥೆಗೆ ಬಂದದ್ದು ಹೀಗೆ.

ಆದರೆ ಹಳೆಯ ಕಟ್ಟಡವೊಂದೇ ಸಾಲದು. ಕಲಬುರಗಿಯ ಹಫ್ತ್ ಗುಂಬಜ್ ಎಷ್ಟೇ ಹಳೆಯದಾದರೂ ಸುತ್ತ ಊರಿನ ಗದ್ದಲವಿದೆ. ಗಾಥಿಕ್ ಮನೆ ಊರಾಚೆಯೇ ಇರಬೇಕು. ಓಣಿಯೊಳಗಿನ ಮನೆಯಲ್ಲಿ ಜಗಳದ ದನಿ ಏರಿದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ‘ಏನಾತ್ರಿ?’ ಅನ್ನುತ್ತಾರೆ. ಆ ಒಂದು ಮಾತಿಗೆ ಎಷ್ಟು ಸಿಟ್ಟು ತಣ್ಣಗಾಗಿದೆಯೋ! ಬಯಲಿನ ಒಂಟಿ ಮನೆಯಲ್ಲಿ ಕೇಳುವವರಿಲ್ಲ. ಪ್ರೀತಿಯಾಗಲಿ, ಹಗೆಯಾಗಲಿ, ಮೂಗುದಾರವಿಲ್ಲದೆ ಬೆಳೆಯುತ್ತದೆ.

1847ರಲ್ಲಿ ಬಂದ ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ ಕಾದಂಬರಿ ನೋಡಿ. ‘ವದರಿಂಗ್’ ಅಂದರೆ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಮಾತಿನಲ್ಲಿ ಬಿರುಗಾಳಿಯ ಅಬ್ಬರ. ದಿಬ್ಬದ ಮೇಲಿನ ಆ ಹೆಸರಿನ ಮನೆಗೆ ಕಿರಿದಾದ ಕಿಟಕಿಗಳು, ಗೋಡೆಯೊಳಗೆ ಆಳಕ್ಕೆ ಹುದುಗಿವೆ. ಗಾಳಿಯ ಹೊಡೆತಕ್ಕೆ ಮುಳ್ಳುಗಿಡಗಳೆಲ್ಲ ಒಂದೇ ಕಡೆಗೆ ಬಾಗಿವೆ. ಇದು ಯಜಮಾನ ಹೀತ್‌ಕ್ಲಿಫ್‌ನ ವರ್ಣನೆಯೂ ಹೌದು. ಅವನ ಹೆಸರಲ್ಲೇ ಕುರುಚಲು ಬಯಲೂ ಇದೆ, ಕಡಿದಾದ ಬಂಡೆಯೂ ಇದೆ. ಕೆಳಗೆ ಕಣಿವೆಯಲ್ಲಿ ಇನ್ನೊಂದು ಮನೆ. ಅಲ್ಲಿ ಕೆಂಪು ರತ್ನಗಂಬಳಿ, ದೀಪದ ಬೆಳಕು, ಮೆತ್ತನೆ ಮಾತು. ಹಾಗಂತ ಒಂದು ಕೆಟ್ಟದ್ದು, ಇನ್ನೊಂದು ಒಳ್ಳೆಯದು ಅಂದುಕೊಂಡರೆ ಕಾದಂಬರಿ ಕೈತಪ್ಪುತ್ತದೆ. ನಾಯಿ ಕಚ್ಚಿದ, ದಿಬ್ಬದ ಮನೆಯ ಹುಡುಗಿ ಕ್ಯಾಥರೀನಳನ್ನು ಒಳಗೆ ಕರೆದು ಉಪಚರಿಸುವ ಆ ಮೆತ್ತನೆ ಜನರೇ, ಜೊತೆಗಿದ್ದ, ಆಗಿನ್ನೂ ಅನಾಥ ಹುಡುಗನಾಗಿದ್ದ ಹೀತ್‌ಕ್ಲಿಫ್‌ನನ್ನು ಕತ್ತಲಿಗೆ ದಬ್ಬುತ್ತಾರೆ. ನನಗಂತೂ ಬಿರುಗಾಳಿಗಿಂತ ಆ ಬಾಗಿಲು ಜಾಸ್ತಿ ತಣ್ಣಗೆ ಅನಿಸುತ್ತದೆ.

ಮನೆಯೂ ಅದರ ಮನುಷ್ಯರೂ ಒಂದೇ ಅನ್ನುವುದನ್ನು ಅರಿಯಲು ಕನ್ನಡಿಗರಿಗೆ ಬೇರೆ ಪಾಠವೇ ಬೇಡ. ನಮ್ಮಲ್ಲಿ ‘ಮನೆ’ ಅಂದರೆ ಗೋಡೆಯೂ ಹೌದು, ವಂಶವೂ ಹೌದು. ‘ಅವರ ಮನಿ ಮುಳುಗ್ತು’ ಅಂದರೆ ಯಾರೂ ನೀರು ಎಲ್ಲಿ ಅಂತ ಕೇಳುವುದಿಲ್ಲ. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1839ರ ಕಥೆಯೊಂದರಲ್ಲಿ ಆ ನೀರನ್ನೂ ತಂದಿಟ್ಟಿದ್ದಾನೆ. ಅಶರ್ ವಂಶದ ಕೊನೆಯ ಇಬ್ಬರು, ಅಣ್ಣ ತಂಗಿ, ಸಾಯುತ್ತಾರೆ. ಗೋಡೆಯ ಸಣ್ಣ ಬಿರುಕು ಬಾಯಿ ಬಿಡುತ್ತದೆ. ಇಡೀ ಬಂಗಲೆ ಎದುರಿನ ಕಪ್ಪು ಕೊಳದೊಳಗೆ ಇಳಿದುಹೋಗುತ್ತದೆ.